ಮೊದಲ ಗೆಲುವಿಗೆ ಇಪ್ಪತ್ತು ವರ್ಷ ಏಕೆ ಬೇಕಾಯಿತು? ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ

ಗದಗ ತಾಲ್ಲೂಕಿನ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಗದಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಮಕ್ಕಳೇ ನಡೆಸುವ ಗೋಡೆ ಪತ್ರಿಕೆಯೊಂದಿದೆ. ಕಳೆದ ಸಲ ಲಕ್ಕುಂಡಿಯ ಗುಡಿಗಳು ಮತ್ತು ಬಾವಿಗಳ ಬಗ್ಗೆ ಚೆನ್ನಾಗಿ ಬರೆದಿದ್ದರು. ಈ ಸಲ ಭಾರತ ಪುರುಷರ ಕ್ರಿಕೆಟ್ ತಂಡದ ಇತಿಹಾಸವೇ ಬೇಕೆಂದು ಹಟ ಹಿಡಿದಿದ್ದಾರೆ. ನಾನೂ ಒಪ್ಪಿದ್ದೇನೆ.

ಕಪ್ ಗೆದ್ದ ವರ್ಷಗಳನ್ನು ಅವರೇ ಕಲೆಹಾಕಿದರು: 1983, 2007, 2011, 2013, 2024, 2025. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು. ಆಗ ಎಂಟನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಮೊದಲ ಸಲ ಗೆದ್ದದ್ದು 1952ರಲ್ಲಿ. ನಡುವಿನ ಇಪ್ಪತ್ತು ವರ್ಷ ನಮ್ಮವರು ಏನು ಮಾಡುತ್ತಿದ್ದರು? ಅವರಿಗೆ ಆಡಲು ಬರುತ್ತಿರಲಿಲ್ಲವೇ?" ಅವಳ ಪಕ್ಕದ ಹುಡುಗ ಇನ್ನೊಂದು ಸೇರಿಸಿದ: "ಹಾಗಾದರೆ ನಮ್ಮ ತಂಡ ನಿಜವಾಗಿ ಶುರುವಾದದ್ದು ಯಾವ ವರ್ಷ?"

ಎರಡೂ ಒಳ್ಳೆಯ ಪ್ರಶ್ನೆಗಳು. ಬ್ರಿಟಿಷರ ಆಳ್ವಿಕೆ ಇತ್ತು ಎಂಬ ಒಂದೇ ಸಾಲಿನಲ್ಲಿ ಇವನ್ನು ಮುಗಿಸಲು ನನಗೆ ಮನಸ್ಸಿಲ್ಲ. ಆ ಕಾಲದ ಆಟವನ್ನು ಬಲ್ಲವರು, ರೇಡಿಯೊ ಕೇಳುತ್ತ ಬೆಳೆದವರು ದಯವಿಟ್ಟು ತಿಳಿಸಿ. ಯಾವ ಗೆಲುವನ್ನು ತಂಡದ ನಿಜವಾದ ಆರಂಭ ಎಂದು ನೀವು ಹೇಳುತ್ತೀರಿ, ಏಕೆ? ಬರೀ ವರ್ಷ ಸಾಲದು, ಕಾರಣ ಬೇಕು. ಮಕ್ಕಳು ಕಾರಣ ಕೇಳುತ್ತಾರೆ.

ರೈಲ್ವೆ ಮೈದಾನ, ಹುಬ್ಬಳ್ಳಿ

ಮಾಸ್ತರರೇ, ಆ ಹುಡುಗಿಗೆ ನನ್ನ ಶಾಬಾಸ್ ತಿಳಿಸಿ. ಕಪ್ಪುಗಳನ್ನು ಎಣಿಸುವವರು ಸಾವಿರ ಜನ ಸಿಗುತ್ತಾರೆ, ಸೋತ ವರ್ಷಗಳ ಬಗ್ಗೆ ಕೇಳುವವರು ಅಪರೂಪ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು. ಹರೆಯದಲ್ಲಿ ಮ್ಯಾಟ್ ಹಾಸಿದ ಪಿಚ್ ಮೇಲೆ ಲೆಗ್ ಸ್ಪಿನ್ ಹಾಕುತ್ತಿದ್ದೆ. ಬೌಲರನ ಕಣ್ಣಿನಿಂದಲೇ ಆಟ ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು. ನನ್ನ ಉತ್ತರವೂ ಹಾಗೆಯೇ ಇರುತ್ತದೆ.

ಮೊದಲು ಲೆಕ್ಕ ನೋಡೋಣ. ಇಪ್ಪತ್ತು ವರ್ಷ ಎಂದರೆ ಬಹಳ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಅಷ್ಟು ವರ್ಷಗಳಲ್ಲಿ ನಮ್ಮವರಿಗೆ ಆಡಲು ಸಿಕ್ಕದ್ದು 24 ಟೆಸ್ಟ್ ಮಾತ್ರ. ಅದರಲ್ಲಿ 12 ಸೋತರು, 12 ಡ್ರಾ ಮಾಡಿದರು, 25ನೆಯದನ್ನು ಗೆದ್ದರು. ಈಗಿನ ತಂಡ ಅಷ್ಟು ಟೆಸ್ಟ್‌ಗಳನ್ನು ಎರಡು ಮೂರು ವರ್ಷಗಳಲ್ಲಿ ಆಡಿ ಮುಗಿಸುತ್ತದೆ. 1936ರಿಂದ 1946ರವರೆಗೆ, ನಡುವೆ ಮಹಾಯುದ್ಧವೂ ಬಂದು, ಒಂದೇ ಒಂದು ಟೆಸ್ಟ್ ಇರಲಿಲ್ಲ. ವಿಜಯ್ ಮರ್ಚೆಂಟ್ ಎಂಥ ಆಟಗಾರ! 1933ರಲ್ಲಿ ಮೊದಲ ಟೆಸ್ಟ್ ಆಡಿದರು, 1951ರಲ್ಲಿ ಕೊನೆಯದನ್ನು ಆಡಿದರು. ಒಟ್ಟು ಎಷ್ಟು? ಹತ್ತು. ಹತ್ತೇ ಟೆಸ್ಟ್. ಅವರ ತೋಳಿನ ಬಲವಿದ್ದ ವರ್ಷಗಳನ್ನೆಲ್ಲ ಯುದ್ಧ ತಿಂದುಹಾಕಿತು. ಮಕ್ಕಳಿಗೆ ಇದನ್ನು ಮೊದಲು ಹೇಳಿ.

ಆಡಲು ಬರುತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಮೊದಲ ದಿನದಲ್ಲೇ ಇದೆ. 1932ರ ಜೂನ್ 25, ಲಾರ್ಡ್ಸ್ ಮೈದಾನ, ಸಿ.ಕೆ. ನಾಯುಡು ನಾಯಕ. ಇಂಗ್ಲೆಂಡ್ ಬ್ಯಾಟಿಂಗ್‌ಗೆ ಇಳಿಯಿತು. ಮೊಹಮ್ಮದ್ ನಿಸಾರ್ ಅವರ ವೇಗಕ್ಕೆ ಆರಂಭದ ಜೋಡಿ ಸಟ್‌ಕ್ಲಿಫ್ ಮತ್ತು ಹೋಮ್ಸ್ ಇಬ್ಬರೂ ಬೌಲ್ಡ್ ಆದರು. ಹಿಂದೆಯೇ ವೂಲಿ ರನೌಟ್. 19 ರನ್ನಿಗೆ 3 ವಿಕೆಟ್! ಆ ಕಾಲದ ಇಂಗ್ಲೆಂಡಿಗೆ, ಅವರದೇ ಲಾರ್ಡ್ಸ್‌ನಲ್ಲಿ. ನಿಸಾರ್ ಆ ಇನಿಂಗ್ಸ್‌ನಲ್ಲಿ 93 ರನ್ನಿಗೆ 5 ವಿಕೆಟ್ ಪಡೆದರು. ಜೊತೆಗಿದ್ದ ಅಮರ್ ಸಿಂಗ್ ಬೌಲಿಂಗ್ ಮಾಡಿದ್ದಲ್ಲದೆ ಎರಡನೆಯ ಇನಿಂಗ್ಸ್‌ನಲ್ಲಿ ಅರ್ಧಶತಕವನ್ನೂ ಹೊಡೆದರು. ನಾವು ಸೋತದ್ದು 158 ರನ್ನಿನಿಂದ. ನಮ್ಮ ಎರಡು ಇನಿಂಗ್ಸ್‌ಗಳ ಮೊತ್ತ 189 ಮತ್ತು 187. ಬೌಲರುಗಳು ತಮ್ಮ ಕೆಲಸ ಮಾಡಿದ್ದರು, ರನ್ ಸಾಲಲಿಲ್ಲ.

ಆಮೇಲೆ ಏನಾಯಿತು ನೋಡಿ. ಅಮರ್ ಸಿಂಗ್ 1940ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ನಿಸಾರ್ ಅವರ ಟೆಸ್ಟ್ ಬದುಕು ಆರು ಪಂದ್ಯಗಳಿಗೇ ಮುಗಿದಿತ್ತು, ದೇಶ ಒಡೆದ ಮೇಲೆ ಅವರು ಪಾಕಿಸ್ತಾನದಲ್ಲಿ ಉಳಿದರು. 1947ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಆಯ್ಕೆಯಾಗಿದ್ದ ಯುವ ವೇಗಿ ಫಜಲ್ ಮಹಮೂದ್ ಕೂಡ ಆ ಕಡೆಗೇ ಹೋದರು. ಬ್ರಾಡ್‌ಮನ್ ತಂಡದ ಮುಂದೆ ನಮ್ಮವರು ನಿಂತಾಗ ಹೊಸ ಚೆಂಡನ್ನು ಹಿಡಿದು ಹೆದರಿಸುವ ಕೈಗಳೇ ಇರಲಿಲ್ಲ. ಅಡಿಲೇಡ್‌ನಲ್ಲಿ ವಿಜಯ್ ಹಜಾರೆ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಬಾರಿಸಿದರು, 116 ಮತ್ತು 145. ಆದರೂ ಆ ಟೆಸ್ಟ್ ಇನಿಂಗ್ಸ್ ಸೋಲಿನಲ್ಲಿ ಮುಗಿಯಿತು, ಸರಣಿ 0–4ರಲ್ಲಿ ಹೋಯಿತು. ಒಂಟಿ ಎತ್ತು ಕಟ್ಟಿ ರಂಟೆ ಹೊಡೆದಂತಾಯಿತು ಅದು.

ಇನ್ನೊಂದು ಕಾರಣವನ್ನೂ ಮುಚ್ಚಿಡಬೇಡಿ. ಆಗ ನಾಯಕತ್ವ ಅರಮನೆಗಳಿಗೆ ಹೋಗುತ್ತಿತ್ತು. 1936ರಲ್ಲಿ ವಿಜಯನಗರಂನ ಮಹಾರಾಜಕುಮಾರರು ತಂಡವನ್ನು ಇಂಗ್ಲೆಂಡಿಗೆ ಕರೆದೊಯ್ದರು. ಭಾರತದ ಪರ ಮೊದಲ ಟೆಸ್ಟ್ ಶತಕ ಹೊಡೆದಿದ್ದ ಲಾಲಾ ಅಮರನಾಥರನ್ನು ಮೊದಲ ಟೆಸ್ಟ್‌ಗೂ ಮುಂಚೆಯೇ ಮನೆಗೆ ಕಳುಹಿಸಲಾಯಿತು. ಆಟ ಬಲ್ಲವನು ಹಡಗು ಹತ್ತಿ ವಾಪಸು, ಪದವಿಯುಳ್ಳವನು ಟಾಸ್ ಹಾಕಲು! ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗೆಲುವಿನ ಬಾಗಿಲವರೆಗೂ ಹೋಗಿ ಬಂದದ್ದೂ ಉಂಟು. 1949ರ ಫೆಬ್ರುವರಿ, ಮುಂಬೈಯ ಬ್ರೆಬೋರ್ನ್, ವೆಸ್ಟ್ ಇಂಡೀಸ್ ವಿರುದ್ಧ ಗುರಿ 361. ಹಜಾರೆ 122 ಹೊಡೆದರು. ಸಮಯ ಮುಗಿದಾಗ ನಮ್ಮದು 8 ವಿಕೆಟ್‌ಗೆ 355. ಆರು ರನ್! ಆ ಆರು ರನ್ ಬಂದಿದ್ದರೆ ನಿಮ್ಮ ಹುಡುಗಿ ಹದಿನೇಳು ವರ್ಷ ಏಕೆ ಎಂದು ಕೇಳುತ್ತಿದ್ದಳು.

ಕೊನೆಗೂ ಆ ದಿನ ಬಂದದ್ದು 1952ರ ಫೆಬ್ರುವರಿ 10ರಂದು, ಮದ್ರಾಸಿನ ಚೆಪಾಕ್‌ನಲ್ಲಿ. ಆಟ ಆರಂಭವಾದ ದಿನವೇ ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ತೀರಿಕೊಂಡದ್ದರಿಂದ ವಿರಾಮದ ದಿನವನ್ನು ನಿಗದಿಗಿಂತ ಮೊದಲೇ ತಂದು ಮರುದಿನವೇ ಕೊಟ್ಟರು. ವಿನೂ ಮಂಕಡ್ ಮೊದಲ ಇನಿಂಗ್ಸ್‌ನಲ್ಲಿ 55 ರನ್ನಿಗೆ 8, ಎರಡನೆಯದರಲ್ಲಿ 53ಕ್ಕೆ 4. ಪಂಕಜ್ ರಾಯ್ ಮತ್ತು ಪಾಲಿ ಉಮ್ರಿಗರ್ ಶತಕ ಹೊಡೆದರು. ಇನಿಂಗ್ಸ್ ಮತ್ತು 8 ರನ್ನಿನ ಗೆಲುವು. ಹನ್ನೆರಡು ವಿಕೆಟ್ ಒಬ್ಬನದೇ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಸಿ. (ನಿಮ್ಮ ಪಾಠಕ್ಕೆ ಒಂದು ಮಾತು: ಆಗ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು.)

ಆದರೂ ತಂಡದ ನಿಜವಾದ ಆರಂಭ ಯಾವುದೆಂದು ಕೇಳಿದರೆ ನಾನು 1952 ಎನ್ನುವುದಿಲ್ಲ. ಊರಿನಲ್ಲಿ ಗೆದ್ದವರಿಗೆ ಹೊರಗೆ ಹೋದಾಗ ಗೆಲುವೇ ಸಿಗುತ್ತಿರಲಿಲ್ಲ. 1959ರಲ್ಲಿ ಇಂಗ್ಲೆಂಡಿನಲ್ಲಿ ಐದಕ್ಕೆ ಐದೂ ಸೋತರು. ಹೊರನಾಡಿನಲ್ಲಿ ಮೊದಲ ಟೆಸ್ಟ್ ಗೆದ್ದದ್ದು 1968ರಲ್ಲಿ, ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ. ಪಟೌಡಿ ನಾಯಕರು. ಆ ಸರಣಿಯನ್ನು 3–1ರಿಂದ ಗೆಲ್ಲಿಸಿದ ದೊಡ್ಡ ಕೈ ನಮ್ಮ ಬೆಂಗಳೂರಿನ ಎರಪಳ್ಳಿ ಪ್ರಸನ್ನ ಅವರದು.

ನನ್ನ ಉತ್ತರ 1971. ಅದರಲ್ಲೂ ಲಂಡನ್ನಿನ ಓವಲ್ ಮೈದಾನ. ಆ ವರ್ಷದ ಆರಂಭದಲ್ಲಿ ಅಜಿತ್ ವಾಡೇಕರ್ ತಂಡ ವೆಸ್ಟ್ ಇಂಡೀಸಿನಲ್ಲಿ 1–0ರಿಂದ ಗೆದ್ದು ಬಂದಿತ್ತು. ಗಾವಸ್ಕರ್ ನಾಲ್ಕೇ ಟೆಸ್ಟ್‌ಗಳಲ್ಲಿ 774 ರನ್ ಹೊಡೆದರು, ದಿಲೀಪ್ ಸರ್ದೇಸಾಯಿ 642. ಅದು ಎಲ್ಲರಿಗೂ ಗೊತ್ತು. ಆದರೆ ಆ ಪ್ರವಾಸಕ್ಕೆ ಭಾಗವತ್ ಚಂದ್ರಶೇಖರ್ ಅವರನ್ನು ಆರಿಸಿಯೇ ಇರಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಈ ಹುಡುಗನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗೈ ಸೊರಗಿತ್ತು. ಸೊರಗಿದ ಆ ಕೈಯಿಂದಲೇ ಅವರು ಚೆಂಡೆಸೆದದ್ದು. ಲೆಗ್ ಸ್ಪಿನ್ನರನ ಕೈಯಿಂದ ಅಷ್ಟು ವೇಗ ಬರುವುದು ಬಹಳ ಅಪರೂಪ.

ಓವಲ್‌ನಲ್ಲಿ ಇಂಗ್ಲೆಂಡ್ ಮೊದಲು 355, ನಾವು 284. ಎಪ್ಪತ್ತೊಂದು ರನ್ ಹಿಂದೆ. ಎರಡನೆಯ ಇನಿಂಗ್ಸ್‌ನಲ್ಲಿ ಚಂದ್ರ 38 ರನ್ನಿಗೆ 6 ವಿಕೆಟ್ ಕಿತ್ತರು. ಬ್ಯಾಟ್ಸ್‌ಮನ್‌ಗೆ ತೀರ ಹತ್ತಿರದ ಶಾರ್ಟ್ ಲೆಗ್‌ನಲ್ಲಿ ಏಕನಾಥ್ ಸೋಲ್ಕರ್ ನೆಲ ಮುಟ್ಟುವಂತೆ ಬಾಗಿ ಕ್ಯಾಚ್ ಹಿಡಿಯುತ್ತಿದ್ದರು. ಇಂಗ್ಲೆಂಡ್ 101ಕ್ಕೆ ಆಲೌಟ್. ಗುರಿ 173. ಗಾವಸ್ಕರ್ ಸೊನ್ನೆಗೆ ಔಟಾದರೂ ವಾಡೇಕರ್, ಸರ್ದೇಸಾಯಿ, ವಿಶ್ವನಾಥ್, ಎಂಜಿನಿಯರ್ ತುಸು ತುಸುವಾಗಿ ದೋಣಿ ದಾಟಿಸಿದರು. ಆಗಸ್ಟ್ 24, ನಾಲ್ಕು ವಿಕೆಟ್ ಗೆಲುವು. ಇಂಗ್ಲೆಂಡ್ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು, ಅದರೊಂದಿಗೆ ಸರಣಿಯೂ ಬಂತು.

ಅಂದು ಗಣೇಶ ಚೌತಿ. ಅಲ್ಲಿನ ಭಾರತೀಯರು ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಇಲ್ಲಿ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಗಣಪತಿ ಕೂಡಿಸಿ ಸಂಜೆಯ ಆರತಿಗೆ ಎಲ್ಲರೂ ಸೇರಿದ್ದೆವು. ಅಪ್ಪ ರೇಡಿಯೊಗೆ ಕಿವಿಯಿಟ್ಟು ಕುಳಿತಿದ್ದರು. ಅಬಿದ್ ಅಲಿ ಗೆಲುವಿನ ರನ್ ಹೊಡೆದ ಸುದ್ದಿ ಬಂದಾಗ ಅವರು ಆರತಿಯ ತಟ್ಟೆಯನ್ನು ಅವ್ವನ ಕೈಯಿಂದ ತೆಗೆದುಕೊಂಡು ಎರಡನೆಯ ಸಲ ಬೆಳಗಿದರು. ಮರುದಿನದಿಂದ ನಮ್ಮ ಓಣಿಯ ಹುಡುಗರೆಲ್ಲ ಬೌಲಿಂಗ್ ಕೊಡು ಎಂದು ಜಗಳವಾಡತೊಡಗಿದರು. ಅದಕ್ಕೂ ಮೊದಲು ಜಗಳವೆಲ್ಲ ಬ್ಯಾಟಿಗಾಗಿ.

ಟೆಸ್ಟ್ ಗೆಲ್ಲಬೇಕಾದರೆ ಎದುರಾಳಿಯ ಇಪ್ಪತ್ತು ವಿಕೆಟ್ ಕೀಳಬೇಕು. ಐನೂರು ರನ್ ಹೊಡೆದವನು ಸೋಲಿನಿಂದ ಉಳಿಸಬಲ್ಲ, ಗೆಲುವು ಬೌಲರನದು. ನಿಸಾರ್, ಅಮರ್ ಸಿಂಗ್ ಹೋದ ಮೇಲೆ ಇಪ್ಪತ್ತು ವಿಕೆಟ್ ಕೀಳುವ ದಾರಿಯೇ ಕಳೆದುಹೋಗಿತ್ತು. ಸ್ಪಿನ್ನರುಗಳು ಹೊಸ ದಾರಿ ಕಡಿದರು: ಮಂಕಡ್, ಸುಭಾಷ್ ಗುಪ್ತೆ, 1959ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ 14 ವಿಕೆಟ್ ಕಿತ್ತ ಜಸು ಪಟೇಲ್, ಆಮೇಲೆ ಬೇಡಿ, ಪ್ರಸನ್ನ, ಚಂದ್ರ, ವೆಂಕಟರಾಘವನ್. ಅದೇ ದಾರಿಯಲ್ಲಿ 1978ರ ಹೊಸ ವರ್ಷದಲ್ಲಿ ಮೆಲ್ಬರ್ನ್ ಸಿಕ್ಕಿತು. ಚಂದ್ರ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ 6. ಆಸ್ಟ್ರೇಲಿಯಾದಲ್ಲಿ ನಮ್ಮ ಮೊದಲ ಗೆಲುವು ಅದು. ಕಪ್ಪುಗಳ ಪಟ್ಟಿ ಹಾಕಿಸಿ, ಬೇಡ ಎನ್ನುವುದಿಲ್ಲ. ಆದರೆ ಪ್ರತಿ ಟೆಸ್ಟ್ ಗೆಲುವಿನ ಪಕ್ಕದಲ್ಲಿ ವಿಕೆಟ್ ಕಿತ್ತವರ ಹೆಸರು ಇರಲಿ.

ರಾಣೆಬೆನ್ನೂರಿನ ಓದುಗಿ

ಹುಬ್ಬಳ್ಳಿಯ ಕಾಕಾ ಅವರು ಬರೆದದ್ದನ್ನು ಓದಿ ಬಹಳ ಕಲಿತೆ. ಆದರೂ 1983ನ್ನು ಪಟ್ಟಿಯ ಒಂದು ಸಾಲಾಗಿ ಬಿಡಲು ನಾನು ಒಪ್ಪುವುದಿಲ್ಲ.

ಆ ವಿಶ್ವಕಪ್‌ಗೆ ಹೋಗುವ ಮುಂಚೆ ಭಾರತ ಹಿಂದಿನ ಎರಡು ವಿಶ್ವಕಪ್‌ಗಳಲ್ಲಿ ಸೇರಿ ಗೆದ್ದದ್ದು ಒಂದೇ ಪಂದ್ಯ, ಅದೂ ಪೂರ್ವ ಆಫ್ರಿಕಾ ವಿರುದ್ಧ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು 17 ರನ್ನಿಗೆ 5 ವಿಕೆಟ್ ಬಿದ್ದವು. ಕಪಿಲ್ ದೇವ್ ಔಟಾಗದೆ 175 ಹೊಡೆದರು, ಇದು ಮಕ್ಕಳಿಗೂ ಗೊತ್ತು. ಇನ್ನೊಂದು ತುದಿಯಲ್ಲಿ ಯಾರಿದ್ದರು ಎಂದು ಕೇಳಿ ನೋಡಿ. ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಒಂಬತ್ತನೆಯ ವಿಕೆಟ್‌ಗೆ ಮುರಿಯದ 126 ರನ್ನಿನ ಜೊತೆಯಾಟದಲ್ಲಿ ಅವರ ಪಾಲು 24. ಆ 24 ಇಲ್ಲದಿದ್ದರೆ ಆ 175 ಇಲ್ಲ.

ಇಡೀ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದವರು ರೋಜರ್ ಬಿನ್ನಿ, 18. ಅವರೂ ಕರ್ನಾಟಕದವರೇ. ಜೂನ್ 25ರ ಫೈನಲ್‌ನಲ್ಲಿ ನಮ್ಮ ಮೊತ್ತ ಕೇವಲ 183. ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿದ್ದು ಮೊಹಿಂದರ್ ಅಮರನಾಥ್, ಮದನ್ ಲಾಲ್, ಸಂಧು, ಬಿನ್ನಿ, ಕಪಿಲ್. ಕಾಕಾ, ನಿಮ್ಮ ಮಾತಿನಂತೆಯೇ ಬೌಲರುಗಳ ಗೆಲುವಲ್ಲವೇ ಇದು? ಅಷ್ಟು ಸಣ್ಣ ಮೊತ್ತವನ್ನು ಉಳಿಸಿಕೊಂಡದ್ದು ಯಾವ ಟೆಸ್ಟ್‌ಗೆ ಕಡಿಮೆ? 1932ರಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಶುರುವಾದದ್ದೂ ಜೂನ್ 25, ಅದೇ ಮೈದಾನದಲ್ಲಿ ಕಪ್ ಎತ್ತಿದ್ದೂ ಜೂನ್ 25. ನಿಮ್ಮ ಗೋಡೆ ಪತ್ರಿಕೆಯ ಮಕ್ಕಳಿಗೆ ಇದು ಖಂಡಿತ ಇಷ್ಟವಾಗುತ್ತದೆ ಮಾಸ್ತರರೇ.

ನನ್ನ ತಮ್ಮ ಅಲ್ಲಿಯವರೆಗೆ ಕಬಡ್ಡಿ ಬಿಟ್ಟು ಬೇರೆ ಆಟ ಆಡಿದವನಲ್ಲ. ಆ ಮಳೆಗಾಲದಲ್ಲಿ ಹೊಲದ ಬದುವಿನಿಂದ ಜಾಲಿಯ ತುಂಡು ಕಡಿದು ತಂದು ಬ್ಯಾಟ್ ಕೆತ್ತಿಸಿದ. ಓವಲ್ ಗೆಲುವು ರೇಡಿಯೊ ಇದ್ದ ಮನೆಗಳನ್ನು ಮುಟ್ಟಿತು, 1983 ಹೊಲದವರೆಗೆ ಬಂತು. ನನ್ನ ಆಯ್ಕೆಗೆ ಅದೇ ಕಾರಣ.

ಇನ್ನೊಂದು. ಶೀರ್ಷಿಕೆಯಲ್ಲಿ "ಪುರುಷರ ತಂಡ" ಎಂದು ಸ್ಪಷ್ಟವಾಗಿ ಬರೆಸಿ. ಮಹಿಳೆಯರ ತಂಡವೂ 2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು ಮಣಿಸಿ ವಿಶ್ವಕಪ್ ಗೆದ್ದಿದೆ. ಆ ಪ್ರಶ್ನೆ ಕೇಳಿದ ಹುಡುಗಿಗೆ ಮುಂದಿನ ತಿಂಗಳು ಅದನ್ನೇ ಬರೆಯಲು ಕೊಡಿ.

ಬೆಟಗೇರಿಯಿಂದ

ಗದಗಿನ ಶಾಲೆಯ ಗೋಡೆಯ ಮೇಲೆ ಗದಗಿನ ಹೆಸರೇ ಇಲ್ಲದಿದ್ದರೆ ಹೇಗೆ ಸರ್? ಸುನಿಲ್ ಜೋಶಿ ಹುಟ್ಟಿದ್ದು ಇದೇ ಊರಿನಲ್ಲಿ. ಬಾಲಕನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ತಿರುಗಿ ಗದಗಿಗೆ ಬಂದು ಶಾಲೆಗೆ ಕೂರುತ್ತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಈಗ ನಾಲ್ಕು ಪಥದ ರಸ್ತೆಯಲ್ಲಿ ಹೋಗುವ ನಮಗೆ ಆ ದಾರಿಯ ದಣಿವು ಅರ್ಥವಾಗುವುದಿಲ್ಲ.

1996ರಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಅದೇ ಪಂದ್ಯದಲ್ಲಿ ವೆಂಕಟೇಶ್ ಪ್ರಸಾದ್ ಕೂಡ ಹೊಸಬರು. ಜೊತೆಗೆ ಶ್ರೀನಾಥ್, ಕುಂಬ್ಳೆ. ನಾಲ್ವರೂ ಕರ್ನಾಟಕದವರು, ನಾಲ್ವರೂ ಬೌಲರುಗಳು! ಮುಂದಿನ ಟೆಸ್ಟ್‌ಗೆ ದ್ರಾವಿಡ್ ಬಂದರು.

ಜೋಶಿಯವರ ಒಂದು ದಿನವನ್ನು ಮಾತ್ರ ಪೂರ್ತಿ ಬರೆಸಿ. 1999ರ ಸೆಪ್ಟೆಂಬರ್ 26, ನೈರೋಬಿ, ಎದುರಾಳಿ ದಕ್ಷಿಣ ಆಫ್ರಿಕಾ. 10 ಓವರ್, 6 ಮೇಡನ್ (ಒಂದೂ ರನ್ ಕೊಡದ ಓವರ್), 6 ರನ್, 5 ವಿಕೆಟ್. ಅರವತ್ತು ಎಸೆತಗಳಿಗೆ ಆರು ರನ್. ಆ ತಂಡ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್‌ನಿಂದ ಗೆದ್ದಿತು. ಈ ಅಂಕಿಯನ್ನು ಕಂಡಾಗಲೆಲ್ಲ ನನಗೆ ಎದೆಯುಬ್ಬುತ್ತದೆ. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್ ನಡೆದಾಗ ಅವರು ಮೊದಲ ಇನಿಂಗ್ಸ್‌ನಲ್ಲಿ 5 ವಿಕೆಟ್, ಎರಡನೆಯದರಲ್ಲಿ 3 ವಿಕೆಟ್ ಪಡೆದು, ಬ್ಯಾಟಿಂಗ್‌ನಲ್ಲಿ 92 ಹೊಡೆದು ಪಂದ್ಯಶ್ರೇಷ್ಠರಾದರು. ಅದು ಸೌರವ್ ಗಂಗೂಲಿ ನಾಯಕರಾಗಿ ಆಡಿದ ಮೊದಲ ಟೆಸ್ಟ್ ಕೂಡ. 15 ಟೆಸ್ಟ್, 69 ಏಕದಿನ ಪಂದ್ಯಗಳಿಗೆ ಅವರ ಆಟ ನಿಂತಿತು. ಕುಂಬ್ಳೆಯವರಂಥ ದೈತ್ಯ ಒಂದು ತುದಿಯಲ್ಲಿ ಇದ್ದಾಗ ಇನ್ನೊಬ್ಬ ಸ್ಪಿನ್ನರನಿಗೆ ಜಾಗ ಸಿಗುವುದು ಸುಲಭವಿರಲಿಲ್ಲ.

ಸಪ್ತಾಪುರ ಹಾಸ್ಟೆಲ್, ಧಾರವಾಡ

ನಾನು ಎಂಜಿನಿಯರಿಂಗ್ ಓದುತ್ತಿರುವವನು, 1971 ಕಂಡವನಲ್ಲ. ನನ್ನ ಉತ್ತರ 2021ರ ಜನವರಿ 19, ಬ್ರಿಸ್ಬೇನ್‌ನ ಗಾಬಾ. ಆ ಮೈದಾನದಲ್ಲಿ ಆಸ್ಟ್ರೇಲಿಯಾ 1988ರಿಂದ ಸೋತಿರಲಿಲ್ಲ. ಸರಣಿಯ ಮೊದಲ ಟೆಸ್ಟ್‌ನಲ್ಲಿ ಅಡಿಲೇಡ್‌ನಲ್ಲಿ ನಾವು 36 ರನ್ನಿಗೆ ಕುಸಿದಿದ್ದೆವು. ಕೊಹ್ಲಿ ಊರಿಗೆ ಹೋದರು. ಗಾಬಾಗೆ ಬರುವ ಹೊತ್ತಿಗೆ ಬುಮ್ರಾ, ಶಮಿ, ಉಮೇಶ್, ಅಶ್ವಿನ್, ಜಡೇಜ ಎಲ್ಲರೂ ಗಾಯಗೊಂಡು ಹೊರಗೆ. 328ರ ಗುರಿಯನ್ನು ಗಿಲ್ 91, ಪೂಜಾರ 56, ಪಂತ್ ಔಟಾಗದೆ 89 ಹೊಡೆದು ಮುಟ್ಟಿಸಿದರು. ಪೂಜಾರ ಮೈಗೆಲ್ಲ ಪೆಟ್ಟು ತಿಂದು ನಿಂತದ್ದನ್ನು ನೋಡಿ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಊಟಕ್ಕೆ ಏಳಲಿಲ್ಲ.

ಕಾಕಾ ಅವರೇ, ನಿಮ್ಮ ಇಪ್ಪತ್ತು ವಿಕೆಟ್‌ಗಳ ಮಾತು ಓದಿದ ಮೇಲೆ ಅಂಕಪಟ್ಟಿ ತೆರೆದು ನೋಡಿದೆ. ಆಸ್ಟ್ರೇಲಿಯಾ 369 ಮತ್ತು 294, ಎರಡು ಸಲವೂ ಆಲೌಟ್. ಕಿತ್ತವರು ಸಿರಾಜ್, ಶಾರ್ದೂಲ್, ನಟರಾಜನ್, ವಾಷಿಂಗ್ಟನ್ ಸುಂದರ್. ಎರಡನೆಯ ಇನಿಂಗ್ಸ್‌ನಲ್ಲಿ ಸಿರಾಜ್ ಒಬ್ಬರೇ 5. ಆ ಪ್ರವಾಸದ ಆರಂಭದಲ್ಲೇ ಅವರ ತಂದೆ ತೀರಿಕೊಂಡಿದ್ದರು. ಊರಿಗೆ ಮರಳದೆ ತಂಡದೊಂದಿಗೆ ಉಳಿದಿದ್ದರು.

ಬೆಟಗೇರಿಯಿಂದ

ತಮ್ಮಾ, ಗಾಬಾದ ಮಾತು ತೆಗೆದೆಯಲ್ಲ, ಅದಕ್ಕೊಂದು ಸೇರಿಸುತ್ತೇನೆ. 2020ರ ಅಕ್ಟೋಬರ್‌ನಲ್ಲಿ ಆ ಪ್ರವಾಸದ ತಂಡವನ್ನು ಆರಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಸುನಿಲ್ ಜೋಶಿ. ಆಗ ಒಂದೂ ಟೆಸ್ಟ್ ಆಡದಿದ್ದ ಸಿರಾಜ್ ಟೆಸ್ಟ್ ತಂಡದಲ್ಲಿದ್ದರು, ಗಿಲ್ ಕೂಡ. ಇದನ್ನು ಗದಗಿನ ಗೋಡೆಯ ಮೇಲೆ ಬರೆಯದೆ ಇನ್ನೆಲ್ಲಿ ಬರೆಯುವುದು?

ರೈಲ್ವೆ ಮೈದಾನ, ಹುಬ್ಬಳ್ಳಿ

ರಾಣೆಬೆನ್ನೂರಿನ ತಂಗಿಯವರು ಹೇಳಿದ ಹೊಲದ ಮಾತು ನನ್ನ ಮನಸ್ಸಿಗೆ ತಾಗಿತು. ಜನರ ಲೆಕ್ಕದಲ್ಲಿ 1983 ದೊಡ್ಡದು, ಒಪ್ಪಿದೆ. ತಂಡದ ಲೆಕ್ಕದಲ್ಲಿ ನಾನು 1971ನ್ನು ಬಿಟ್ಟುಕೊಡುವುದಿಲ್ಲ. ಕಾರಣ ಹೇಳುತ್ತೇನೆ. ಕಪ್ ಗೆದ್ದ ಮೇಲೂ ಹೊರನಾಡಿನ ಟೆಸ್ಟ್ ಗೆಲುವುಗಳು ಸಾಲುಸಾಲಾಗಿ ಬರಲಿಲ್ಲ. 1986ರಲ್ಲಿ ಇಂಗ್ಲೆಂಡಿನಲ್ಲಿ 2–0ರಿಂದ ಗೆದ್ದೆವು, ಸರಿ. ಆಮೇಲೆ 1990ರ ದಶಕ ಪೂರ್ತಿ ಹೊರದೇಶದಲ್ಲಿ ಸಿಕ್ಕದ್ದು ಒಂದೇ ಟೆಸ್ಟ್, 1993ರಲ್ಲಿ ಕೊಲಂಬೊದಲ್ಲಿ. ಅದೇ ಹೊತ್ತಿನಲ್ಲಿ ಸಚಿನ್, ಅಜರ್, ದ್ರಾವಿಡ್, ಗಂಗೂಲಿ ರಾಶಿ ರಾಶಿ ರನ್ ಹೊಡೆಯುತ್ತಿದ್ದರು. ಶ್ರೀನಾಥ್ ಒಂಟಿಯಾಗಿ ಬೆವರು ಸುರಿಸಿದರು. ಊರಿನಲ್ಲಿ ಕುಂಬ್ಳೆ ಹುಲಿ. 1999ರ ಫೆಬ್ರುವರಿ 7ರಂದು ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಅವರದೇ, 74 ರನ್ನಿಗೆ. ಒಂಬತ್ತು ಬಿದ್ದ ಮೇಲೆ ಆ ಕಡೆಯಿಂದ ಶ್ರೀನಾಥ್ ಬೇಕೆಂದೇ ಗೂಟದಿಂದ ದೂರ ಚೆಂಡೆಸೆದು ಗೆಳೆಯನ ಹತ್ತನೆಯ ವಿಕೆಟ್‌ಗೆ ಕಾದರಲ್ಲ, ಅದನ್ನು ನಿಮ್ಮ ಮಕ್ಕಳಿಗೆ ಹೇಳಲೇಬೇಕು ಮಾಸ್ತರರೇ.

2001ರ ಕೋಲ್ಕತ್ತ ಹೇಳಿದರೆ ಎಲ್ಲರೂ ಲಕ್ಷ್ಮಣ್ 281, ದ್ರಾವಿಡ್ 180 ಎನ್ನುತ್ತಾರೆ. ನಾನೂ ಕೈಮುಗಿಯುತ್ತೇನೆ. ಆದರೆ ಆ ಟೆಸ್ಟ್‌ನಲ್ಲಿ ಹರಭಜನ್ ಪಡೆದದ್ದು 13 ವಿಕೆಟ್. ಅವಿಲ್ಲದಿದ್ದರೆ ಅದೊಂದು ಸುಂದರ ಡ್ರಾ ಆಗುತ್ತಿತ್ತು. 2003ರ ಅಡಿಲೇಡ್‌ನಲ್ಲಿ ದ್ರಾವಿಡ್ 233 ಮತ್ತು ಔಟಾಗದೆ 72. ಆ ಎರಡನೆಯ ಇನಿಂಗ್ಸ್ ಆಡಲು ಅವಕಾಶ ಮಾಡಿಕೊಟ್ಟದ್ದು 41 ರನ್ನಿಗೆ 6 ವಿಕೆಟ್ ಪಡೆದ ಅಗರ್ಕರ್. ಮುಂದೆ ದ್ರಾವಿಡ್ ನಾಯಕರಾಗಿ 2006ರಲ್ಲಿ ವೆಸ್ಟ್ ಇಂಡೀಸಿನಲ್ಲಿ, 2007ರಲ್ಲಿ ಇಂಗ್ಲೆಂಡಿನಲ್ಲಿ ಸರಣಿ ಗೆದ್ದರು. ವೆಸ್ಟ್ ಇಂಡೀಸಿನಲ್ಲಿ ಹಾಗೆ ಗೆದ್ದದ್ದು 1971ರ ನಂತರ ಅದೇ ಮೊದಲು. ಆಸ್ಟ್ರೇಲಿಯಾದಲ್ಲಿ ಸರಣಿ ಬಂದದ್ದು 2018–19ರಲ್ಲಿ, ಬುಮ್ರಾ, ಶಮಿ, ಇಶಾಂತ್ ಒಟ್ಟಿಗೆ ಮೂವರು ವೇಗಿಗಳು ಸಿಕ್ಕ ಮೇಲೆ. ನಿಸಾರ್ ಮತ್ತು ಅಮರ್ ಸಿಂಗ್ ಜೋಡಿ ಮುರಿದಾಗ ಬಿದ್ದ ಕಂದಕ ಅಂದು ತುಂಬಿತು ಎಂದೇ ನಾನು ನಂಬಿದ್ದೇನೆ.

ಧಾರವಾಡದ ತಮ್ಮಾ, ಗಾಬಾದ ಅಂಕಪಟ್ಟಿಯನ್ನು ಬೌಲಿಂಗ್ ಕಡೆಯಿಂದ ಓದಿದೆಯಲ್ಲ, ಬಹಳ ಸಂತೋಷವಾಯಿತು.

ಗದಗ ತಾಲ್ಲೂಕಿನ ಮಾಸ್ತರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇಂದು ತರಗತಿಯಲ್ಲಿ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಪ್ರಶ್ನೆ ಕೇಳಿದ ಹುಡುಗಿ 24 ಟೆಸ್ಟ್‌ಗಳ ಲೆಕ್ಕವನ್ನು ತಾನೇ ಸರಣಿವಾರು ಬರೆದುಕೊಂಡಳು. ಬ್ರೆಬೋರ್ನ್‌ನ ಆರು ರನ್ನಿನ ಕಥೆಗೆ ಇಡೀ ತರಗತಿ ಅಯ್ಯೋ ಎಂದಿತು.

ಗೋಡೆ ಪತ್ರಿಕೆಯ ನಡುವಿನ ದೊಡ್ಡ ಜಾಗ ಓವಲ್‌ಗೆ ಎಂದು ಮಕ್ಕಳು ಕೈಯೆತ್ತಿ ತೀರ್ಮಾನಿಸಿದರು. 1983ರ ಪರವಾಗಿಯೂ ಸಾಕಷ್ಟು ಕೈಗಳಿದ್ದವು. ಹಾಗಾಗಿ ಎರಡು ಜೂನ್ 25ಗಳನ್ನು ಅಕ್ಕಪಕ್ಕದಲ್ಲಿ ಹಾಕುತ್ತಿದ್ದೇವೆ. ಜೋಶಿಯವರ ನೈರೋಬಿಯ ಅಂಕಿಗಳಿಗೆ ಬೇರೆಯೇ ಹಾಳೆ. ಮಹಿಳೆಯರ ತಂಡದ ಸಂಚಿಕೆಯನ್ನು ಆ ಹುಡುಗಿ ಈಗಲೇ ತನ್ನ ಹೆಸರಿಗೆ ಬರೆಸಿಕೊಂಡಿದ್ದಾಳೆ.

ಹುಬ್ಬಳ್ಳಿಯ ಕಾಕಾ ಅವರಲ್ಲಿ ಒಂದು ವಿನಂತಿ. ಚಂದ್ರಶೇಖರ್ ಚೆಂಡನ್ನು ಹೇಗೆ ಹಿಡಿಯುತ್ತಿದ್ದರು ಎಂದು ಹುಡುಗರು ಕೇಳುತ್ತಿದ್ದಾರೆ. ನನಗೆ ತೋರಿಸಲು ಬಾರದು. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಮುಗಿಯುತ್ತದೆ. ನೀವು ಬರಲು ಆದೀತೇ?

ರೈಲ್ವೆ ಮೈದಾನ, ಹುಬ್ಬಳ್ಳಿ

ಬರುತ್ತೇನೆ. ಬೆಳಗಿನ ಪ್ಯಾಸೆಂಜರ್ ಹಿಡಿದರೆ ಹತ್ತರೊಳಗೆ ಗದಗ. ಚಂದ್ರ ಅವರಂತೆ ಹಾಕಲು ಯಾರಿಗೂ ಆಗದು, ಆದರೆ ಲೆಗ್ ಬ್ರೇಕ್ ಮತ್ತು ಗೂಗ್ಲಿಯ ಹಿಡಿತವನ್ನು ತೋರಿಸಬಲ್ಲೆ. ಟೆನಿಸ್ ಚೆಂಡು ಬೇಡ, ಹೊಲಿಗೆ ಇರುವ ಚೆಂಡೇ ಬೇಕು. ಎರಡು ನಾನು ತರುತ್ತೇನೆ. ಹುಡುಗಿಯರನ್ನೂ ಮೈದಾನಕ್ಕೆ ಕರೆತನ್ನಿ.